ಲಿವರ್ ಕಾಯಿಲೆ, ಇಮ್ಯುನಾಲಜಿ ಸಂಶೋಧನೆಗೆ ಮಂಗಳೂರು ಬಿಟ್ಟು ಹೋಗಲೇಬೇಕಾ?

ಮಂಗಳೂರಿನಲ್ಲಿ ಎಂಎಸ್ಸಿ ಮುಗಿಸಿದ್ದೀರಿ. ಲಿವರ್ ಮೇಲೆ ಪಿಎಚ್‌ಡಿ ಮಾಡೋದಕ್ಕೆ ಇಲ್ಲಿ ಒಳ್ಳೆ ಫ್ಲೋ ಸೈಟೋಮೀಟರ್ (ಕೋಶಗಳನ್ನು ಒಂದೊಂದಾಗಿ ಗುರುತಿಸಿ ಎಣಿಸುವ ಮಷಿನ್) ಸಿಗುತ್ತಾ, ಹೊರದೇಶಕ್ಕೆ ಹೋಗಬೇಕಾ ಅಂತ ಕೇಳಿದ್ದೀರಿ. ಹತ್ತು ವರ್ಷದ ಹಿಂದೆ ನಾನೂ ಇದನ್ನೇ ಕೇಳುತ್ತಾ ತಿರುಗಿದ್ದೆ. ಮಷಿನ್ ಸಿಕ್ಕಿತು. ನನ್ನ ಎರಡು ವರ್ಷ ಹಾಳಾದದ್ದು ಬೇರೆ ಕಾರಣಕ್ಕೆ.

ನನ್ನ ವಿಷಯ ಹೆಪಟೈಟಿಸ್ ಬಿ. ಈ ವೈರಸ್ ತಾನಾಗಿ ಲಿವರ್ ಕೋಶಗಳನ್ನು ಅಷ್ಟಾಗಿ ಕೊಲ್ಲುವುದಿಲ್ಲ. ವೈರಸ್ ಹೊಕ್ಕ ಕೋಶಗಳನ್ನು ಹುಡುಕಿ ಹೊಡೆಯುವುದು ನಮ್ಮದೇ ಟಿ ಕೋಶಗಳು, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು. ಲಿವರ್ ಪೆಟ್ಟು ತಿನ್ನುವುದು ಆ ಜಗಳದಲ್ಲಿ. ಹುಟ್ಟುವಾಗ ಸೋಂಕು ತಗುಲಿದ 100 ಮಕ್ಕಳಲ್ಲಿ ಸುಮಾರು 90 ಮಕ್ಕಳಿಗೆ ಅದು ದೀರ್ಘಕಾಲ ಉಳಿದುಬಿಡುತ್ತದೆ. ದೊಡ್ಡವರಲ್ಲಿ ಹಾಗಾಗುವುದು 100ರಲ್ಲಿ 5ಕ್ಕಿಂತ ಕಡಿಮೆ ಜನರಿಗೆ. ವೈರಸ್ ಅದೇ, ಎದುರಿಸುವ ಮೈ ಬೇರೆ. ವರ್ಷಗಟ್ಟಲೆ ಗುದ್ದಾಡಿ ಟಿ ಕೋಶಗಳು ಸುಸ್ತಾಗುತ್ತವೆ. ಆ ಸುಸ್ತನ್ನು ಅಳೆಯುವುದೇ ನನ್ನ ಕೆಲಸ.

ರೋಗಿಗಳು ಮಂಗಳೂರಿನಲ್ಲಿ, ಲ್ಯಾಬ್ ಉಡುಪಿ ಕಡೆ. ಮಧ್ಯಾಹ್ನ ಓಪಿಡಿ ಮುಗಿದ ಮೇಲೆ ರಕ್ತದ ಟ್ಯೂಬುಗಳನ್ನು ಐಸ್ ತುಂಬಿದ ಥರ್ಮಾಕೋಲ್ ಡಬ್ಬಿಗೆ ಹಾಕಿ, ಸಂಜೆಯ ಎಕ್ಸ್‌ಪ್ರೆಸ್ ಬಸ್ ಹತ್ತುತ್ತಿದ್ದೆ. ಡಬ್ಬಿ ತೊಡೆ ಮೇಲೆ. ಪಡುಬಿದ್ರಿ ದಾಟುವಷ್ಟರಲ್ಲಿ ಐಸ್ ಕರಗಿ ಪ್ಯಾಂಟು ಒದ್ದೆ. ಬಂದರಿನ ದಕ್ಕೆಯಲ್ಲಿ ಮೀನಿಗೆ ಐಸ್ ಹಾಕುವುದನ್ನು ನೋಡಿ ಬೆಳೆದವನು ನಾನು. ತಣ್ಣಗಿದ್ದದ್ದು ಕೆಡುತ್ತದೆ ಅನ್ನುವ ಅನುಮಾನವೇ ಬರಲಿಲ್ಲ. ರಾತ್ರಿ ಡಬ್ಬಿ ಹಾಗೇ ಫ್ರಿಜ್ಜಿಗೆ, ಮರುದಿನ ಬೆಳಿಗ್ಗೆ ಕೆಲಸ ಶುರು.

ಹೋಲಿಸಲು ಆರೋಗ್ಯವಂತರ ರಕ್ತ ಬೇಕಲ್ವಾ? ಅದನ್ನು ಪಕ್ಕದ ಲ್ಯಾಬಿನ ಗೆಳೆಯರಿಂದ ತೆಗೆದುಕೊಳ್ಳುತ್ತಿದ್ದೆ. ತೋಳಿನಿಂದ ಸೆಂಟ್ರಿಫ್ಯೂಜಿಗೆ (ರಕ್ತವನ್ನು ಜೋರಾಗಿ ತಿರುಗಿಸಿ ಬೇರ್ಪಡಿಸುವ ಯಂತ್ರ) ಅರ್ಧ ಗಂಟೆ.

ಎಡವಿದ್ದು ಇಲ್ಲೇ. ಬಿಡಿಸಿ ಹೇಳುತ್ತೇನೆ. ರಕ್ತವನ್ನು ಫೈಕಾಲ್ ಎಂಬ, ಕಣಗಳನ್ನು ಬೇರ್ಪಡಿಸುವ ದ್ರವದ ಮೇಲೆ ಮೆಲ್ಲಗೆ ಬಿಟ್ಟು ತಿರುಗಿಸಿದರೆ ಕೆಂಪು ಕಣಗಳೂ ಗ್ರ್ಯಾನ್ಯುಲೋಸೈಟುಗಳೂ (ಇನ್ನೊಂದು ಬಗೆಯ ಬಿಳಿ ಕಣಗಳು) ತಳಕ್ಕೆ ಇಳಿಯುತ್ತವೆ. ನಡುವೆ ಗಂಜಿಯ ಕೆನೆಯ ಹಾಗೆ ತೆಳ್ಳಗಿನ ಬಿಳಿ ಪದರ ನಿಲ್ಲುತ್ತದೆ. ಟಿ ಕೋಶಗಳಿರುವುದು ಅದರಲ್ಲಿ. ರಾತ್ರಿಯಿಡೀ ತಣ್ಣಗೆ ಕೂತ ರಕ್ತದಲ್ಲಿ ಗ್ರ್ಯಾನ್ಯುಲೋಸೈಟುಗಳು ಹಗುರಾಗಿ, ತಳ ಸೇರದೆ ಆ ಪದರದಲ್ಲೇ ಉಳಿದುಬಿಡುತ್ತವೆ. ಜೊತೆಗಿರುವ ಟಿ ಕೋಶಗಳನ್ನೂ ಕುಗ್ಗಿಸುತ್ತವೆ. ರಕ್ತವನ್ನು ಐಸ್ ಇಲ್ಲದೆ ತಂದು ಅದೇ ದಿನ ಬೇರ್ಪಡಿಸಬೇಕಿತ್ತು.

ಅದಕ್ಕಿಂತ ದೊಡ್ಡ ತಪ್ಪು, ಎರಡು ಗುಂಪಿನ ರಕ್ತವೂ ಒಂದೇ ದಾರಿಯಲ್ಲಿ ಬರಲಿಲ್ಲ. ಗೆಳೆಯರ ರಕ್ತವೂ ಅದೇ ಡಬ್ಬಿಯಲ್ಲಿ ಬಂದಿದ್ದರೆ ಮೊದಲ ವಾರವೇ ಗೊತ್ತಾಗುತ್ತಿತ್ತು. 41 ರೋಗಿಗಳು, ಎಲ್ಲರ ಟಿ ಕೋಶಗಳೂ ಸುಸ್ತು. ಪುಸ್ತಕದಲ್ಲಿ ಇರುವುದೂ ಅದೇ, ಹಾಗಾಗಿ ಯಾರೂ ಪ್ರಶ್ನೆ ಮಾಡಲಿಲ್ಲ. ಒಮ್ಮೆ ಗೆಳೆಯನೊಬ್ಬ ನನ್ನ ಜೊತೆ ಮಂಗಳೂರಿಗೆ ಬಂದವನು ಅಲ್ಲೇ ರಕ್ತ ಕೊಟ್ಟ. ಅದೇ ಡಬ್ಬಿ, ಅದೇ ಬಸ್. ಮರುದಿನ ನೋಡಿದರೆ ಅವನ ಟಿ ಕೋಶಗಳೂ ಸುಸ್ತು! ಲೇಬಲ್ ಮೂರು ಸಲ ಓದಿದೆ. ಹೆಸರು ಅವನದ್ದೇ. ನಾನು ಎರಡು ವರ್ಷ ಅಳೆದದ್ದು ಎಷ್ಟು ಕಾಯಿಲೆ, ಎಷ್ಟು ಐಸ್ ಅಂತ ಬೇರೆ ಮಾಡುವ ದಾರಿಯೇ ಇರಲಿಲ್ಲ.

ಅದಕ್ಕೇ ‘ಇಲ್ಲಿಯಾ, ಹೊರದೇಶವಾ’ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮಷಿನನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಹಿಡಿಯಬಹುದು. ಲ್ಯಾಬ್ ನೋಡಲು ಹೋದಾಗ, ರೋಗಿಯ ತೋಳಿನಿಂದ ನಿಮ್ಮ ಬೆಂಚಿಗೆ ರಕ್ತ ಬರಲು ಎಷ್ಟು ಹೊತ್ತು ಬೇಕು ಅಂತ ಕೇಳಿ. ಆಸ್ಪತ್ರೆಯ ಕಟ್ಟಡದಲ್ಲೇ ಇರುವ ಸಣ್ಣ ಲ್ಯಾಬ್ ಸಿಕ್ಕರೆ ದೂರದ ದೊಡ್ಡ ಹೆಸರನ್ನು ಬಿಟ್ಟುಬಿಡಿ. ಎರಡನೇ ಸಲ ನಾವು ಓಪಿಡಿ ಹಿಂದಿನ ಕೋಣೆಯಲ್ಲೇ ಸೆಂಟ್ರಿಫ್ಯೂಜ್ ಇಟ್ಟೆವು. ರೋಗಿಗಳ ಜೊತೆ ಬಂದ, ಸೋಂಕಿಲ್ಲದ ಮನೆಯವರ ರಕ್ತವನ್ನೇ ಹೋಲಿಕೆಗೆ ತೆಗೆದುಕೊಂಡೆವು. ವ್ಯತ್ಯಾಸ ಆಗಲೂ ಕಂಡಿತು, ಮೊದಲಿನಷ್ಟು ದೊಡ್ಡದಲ್ಲ. ಅದನ್ನು ನಾನು ನಂಬುತ್ತೇನೆ.

ಆ 41 ಜನರಿಗೂ ನಾನೇ ಹೋಗಿ ನಿಜ ಹೇಳಬೇಕಾಯಿತು. ಉಳ್ಳಾಲದ ಅಕ್ಕ ಒಬ್ಬರು ಪೂರ್ತಿ ಕೇಳಿಸಿಕೊಂಡು, “ಹಾಗಾದ್ರೆ ಮೊದಲು ಕೊಟ್ಟದ್ದು ಸುಮ್ನೆ ಹೋಯ್ತಾ ಮಗಾ?” ಅಂದರು. ಹೌದು ಅಕ್ಕಾ ಅಂದೆ. ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು, ಬಳೆ ಹಿಂದೆ ಸರಿಸಿ ಕೈ ಚಾಚಿದರು.