ಅರ್ಧ ಗಂಟೆಯ ರಾತ್ರಿ ಊಟ: ಮೊದಲು ಹುಳಿ ಮಾಡುವುದನ್ನು ಬಿಡಿ

ನೀವು ಕೇಳಿದ್ದು ಇಷ್ಟು: ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೀರಿ, ಮನೆ ಸೇರುವಾಗ ಏಳೂಮುಕ್ಕಾಲು, ವಾರಕ್ಕೆ ನಾಲ್ಕು ದಿನ ಹೊರಗಿನಿಂದಲೇ ಊಟ ತರಿಸುತ್ತೀರಿ. ಅರ್ಧ ಗಂಟೆಯಲ್ಲಿ ಆಗುವ ಊಟ, ನೆಂಚಿಕೊಳ್ಳಲು ಏನಾದರೂ ಹೇಳಿ ಅಂತ. ಓದುವಾಗ ನಮ್ಮ ಮನೆಯದೇ ಕಥೆ ಯಾರೋ ಬರೆದ ಹಾಗಿತ್ತು. ನಾನು ಸಾಗರದ ಕಡೆಯವನು, ಹೆಂಡತಿ ಗದಗದವಳು, ಇರುವುದು ಬೆಂಗಳೂರಿನಲ್ಲಿ. ಅಡುಗೆ ಹೆಚ್ಚಾಗಿ ನನ್ನದೇ, ಯಾಕೆಂದರೆ ನಾನು ಅವಳಿಗಿಂತ ಅರ್ಧ ಗಂಟೆ ಮೊದಲು ಮನೆಗೆ ಬರುತ್ತೇನೆ.

ಮೊದಲು ಒಂದು ಕೆಲಸ ಮಾಡಿ. ಸೋಮವಾರದಿಂದ ಶುಕ್ರವಾರದವರೆಗೆ ಹುಳಿ, ಅಂದರೆ ಸಾಂಬಾರು, ಮಾಡುವುದನ್ನು ಬಿಟ್ಟುಬಿಡಿ.

ನಾನು ಬಹಳ ದಿನ ನನ್ನ ಕೈಯೇ ನಿಧಾನ ಅಂದುಕೊಂಡಿದ್ದೆ. ಒಂದು ದಿನ ಗಡಿಯಾರ ನೋಡಿಕೊಂಡು ಅಡುಗೆ ಮಾಡಿದೆ. ಬೇಳೆ ಬೇಯಿಸಬೇಕು, ತರಕಾರಿ ಹೆಚ್ಚಬೇಕು, ಮಸಾಲೆ ಹುರಿಯಬೇಕು, ರುಬ್ಬಬೇಕು, ಎಲ್ಲ ಸೇರಿಸಿ ಕುದಿಸಬೇಕು, ಆಮೇಲೆ ಒಗ್ಗರಣೆ. ಅದರ ಜೊತೆಗೆ ಒಂದು ಪಲ್ಯವೂ ಆಗಲೇಬೇಕು ಅನ್ನುವ ಹಟ. ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಕೈ ನಿಧಾನ ಇರಲಿಲ್ಲ, ಆರಿಸಿಕೊಂಡ ಅಡುಗೆಯೇ ಉದ್ದ. ಹುಳಿ ಭಾನುವಾರಕ್ಕೆ ಇರಲಿ. ವಾರದ ದಿನ ಒಲೆಯ ಮೇಲೆ ಬೇಯುವುದು ಒಂದೇ ಇರಬೇಕು, ಅನ್ನವೋ ರೊಟ್ಟಿಯೋ ದೋಸೆಯೋ. ಅದರ ಪಕ್ಕಕ್ಕೆ ಬರುವುದು ಆದಷ್ಟೂ ಕುದಿಸದೆ ಆಗುವಂಥದ್ದಾಗಿರಬೇಕು.

ನನ್ನ ಪುಣ್ಯ, ನಮ್ಮ ಊರಿನ ಕಡೆ ಇಂಥದ್ದು ಬೇಕಾದಷ್ಟಿದೆ. ತಂಬುಳಿ ಗೊತ್ತಲ್ವಾ? ಮಲೆನಾಡಿನ ಮನೆಗಳಲ್ಲಿ ಊಟದ ಶುರುವಿಗೇ ಬರುತ್ತದೆ. ಯಾವುದಾದರೂ ಸೊಪ್ಪನ್ನು ತೆಂಗಿನಕಾಯಿ ಜೊತೆ ರುಬ್ಬಿ ಮಜ್ಜಿಗೆಗೆ ಸೇರಿಸುವುದು, ಅಷ್ಟೇ. ನಾನು ಮಾಡುವ ದೊಡ್ಡಪತ್ರೆ ತಂಬುಳಿಯ ಲೆಕ್ಕ ಹೇಳುತ್ತೇನೆ, ಇಬ್ಬರಿಗೆ ಸಾಕು. ಹತ್ತು ಹನ್ನೆರಡು ದೊಡ್ಡಪತ್ರೆ ಎಲೆ (ಸಾಂಬ್ರಾಣಿ ಸೊಪ್ಪು ಅನ್ನುವವರೂ ಇದ್ದಾರೆ), ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು. ಇಷ್ಟನ್ನು ಅರ್ಧ ಚಮಚ ತುಪ್ಪದಲ್ಲಿ ಎಲೆ ಬಾಡುವವರೆಗೆ ಹುರಿಯಿರಿ. ಎರಡು ನಿಮಿಷವೂ ಬೇಡ. ಮೂರು ದೊಡ್ಡ ಚಮಚ ಕಾಯಿತುರಿ ಸೇರಿಸಿ ನುಣ್ಣಗೆ ರುಬ್ಬಿ. ಒಂದೂವರೆ ಲೋಟ ಮಜ್ಜಿಗೆಗೆ ಬೆರೆಸಿ, ಉಪ್ಪು ಹಾಕಿ, ಮೇಲೊಂದು ಸಾಸಿವೆ, ಒಣಮೆಣಸಿನ ಒಗ್ಗರಣೆ ಕೊಡಿ. ಮಿಕ್ಸಿ ತೊಳೆಯುವುದೂ ಸೇರಿ ಹತ್ತು ನಿಮಿಷ. ದೊಡ್ಡಪತ್ರೆ ಎಲ್ಲಿಂದ ತರಲಿ ಅನ್ನಬೇಡಿ. ಒಂದು ಗೆಲ್ಲು ಮುರಿದು ಕುಂಡದಲ್ಲಿ ಚುಚ್ಚಿದರೆ ಬಾಲ್ಕನಿಯಲ್ಲಿ ತಾನೇ ಬೆಳೆಯುತ್ತದೆ.

ಸೊಪ್ಪಿಲ್ಲದ ದಿನ ಶುಂಠಿ ತಂಬುಳಿ. ಒಂದು ಇಂಚು ಹಸಿ ಶುಂಠಿ, ಒಂದು ಹಸಿಮೆಣಸು, ಕಾಯಿ. ಹುರಿಯುವುದೂ ಬೇಡ, ಸೀದಾ ರುಬ್ಬುವುದು. ಮೆಂತ್ಯದ ತಂಬುಳಿ ಇದೆಯಲ್ಲ, ಅದು ಮಾತ್ರ ಸ್ವಲ್ಪ ಕಣ್ಣಿಟ್ಟು ಮಾಡಬೇಕು. ಅರ್ಧ ಚಮಚಕ್ಕಿಂತ ಜಾಸ್ತಿ ಮೆಂತ್ಯ ಹಾಕಬೇಡಿ. ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಹುರಿಯುವಾಗ ಕಾಳು ಮೊದಲು ಹೊಂಬಣ್ಣಕ್ಕೆ ಬರುತ್ತದೆ, ಆಮೇಲೆ ಕೆಂಪಾಗುತ್ತದೆ, ಪರಿಮಳ ಏಳುತ್ತದೆ. ಆಗಲೇ ಇಳಿಸಿಬಿಡಿ. ಫೋನ್ ಬಂತು ಅಂತ ತಿರುಗಿದರೆ ಕಪ್ಪಾಗಿ ಹೋಗಿರುತ್ತದೆ, ಆ ಕಹಿಯನ್ನು ಎಷ್ಟು ಮಜ್ಜಿಗೆ ಸುರಿದರೂ ತೊಳೆಯಲಾಗುವುದಿಲ್ಲ.

ಇನ್ನೊಂದು ಎಚ್ಚರಿಕೆ. ತಂಬುಳಿಯನ್ನು ಬಿಸಿ ಮಾಡಬಾರದು. ಮದುವೆಯಾದ ಹೊಸದರಲ್ಲಿ, ಹಿಂದಿನ ದಿನ ಉಳಿದಿದ್ದನ್ನು ಫ್ರಿಜ್ಜಿನಿಂದ ತೆಗೆದು ಒಲೆಯ ಮೇಲಿಟ್ಟೆ. ತಣ್ಣಗಿದೆಯಲ್ಲ, ಸ್ವಲ್ಪ ಬೆಚ್ಚಗಾಗಲಿ ಅಂತ. ಮಜ್ಜಿಗೆ ಒಡೆದು ನೀರೇ ಬೇರೆ, ಗಸಿಯೇ ಬೇರೆ ಆಯಿತು. ಹೆಂಡತಿ ಬಂದು ಪಾತ್ರೆ ನೋಡಿ, 'ಏನ್ರೀ ಇದು, ಹಾಲು ಒಡದಂಗ ಆಗೇತಲ್ಲ!' ಅಂದಳು. ಅವಳಿಗೆ ತಂಬುಳಿಯ ಮೇಲೆ ನಂಬಿಕೆ ಬರಲು ಅಲ್ಲಿಂದ ಆರು ತಿಂಗಳು ಬೇಕಾಯಿತು.

ಇದೆಲ್ಲ ಹೇಗೆ ಅರ್ಧ ಗಂಟೆಯಲ್ಲಿ ಹೊಂದುತ್ತದೆ ಅಂದರೆ, ಕುಕ್ಕರಿನ ಲೆಕ್ಕದಲ್ಲಿ. ಮನೆಗೆ ಬಂದ ಕೂಡಲೇ, ಬಟ್ಟೆ ಬದಲಿಸುವ ಮೊದಲೇ, ಒಂದು ಲೋಟ ಸೋನಾ ಮಸೂರಿಗೆ ಎರಡೂವರೆ ಲೋಟ ನೀರು ಹಾಕಿ ಕುಕ್ಕರ್ ಇಟ್ಟುಬಿಡುತ್ತೇನೆ. ಕೈಕಾಲು ತೊಳೆದು ಬರುವಷ್ಟರಲ್ಲಿ ಮೂರು ಸೀಟಿ. ಅದರ ಪ್ರೆಶರ್ ಇಳಿಯಲು ಮತ್ತೆ ಹತ್ತು ನಿಮಿಷ ಬೇಕೇ ಬೇಕು. ಆ ಹತ್ತು ನಿಮಿಷದಲ್ಲಿ ತಂಬುಳಿ ಆಗುತ್ತದೆ, ಒಂದು ಸೌತೆಕಾಯಿ ಹೆಚ್ಚುವುದೂ ಆಗುತ್ತದೆ. ನಾಲ್ಕು ಹಪ್ಪಳ ಸುಟ್ಟರೆ ಊಟ ಮುಗಿಯಿತು. ಹಪ್ಪಳ ಕರಿಯಲು ಹೋಗಬೇಡಿ. ಗ್ಯಾಸಿನ ಉರಿಯ ಮೇಲೆ ಇಕ್ಕಳದಲ್ಲಿ ಹಿಡಿದು ಸುಟ್ಟರೆ ಸಾಕು. ಎಣ್ಣೆಯೂ ಉಳಿಯಿತು, ಬಾಣಲೆ ತೊಳೆಯುವ ಕೆಲಸವೂ ಉಳಿಯಿತು.

ಎರಡನೇ ಒಲೆ ಸುಮ್ನೆ ಖಾಲಿ ಇರುತ್ತದಲ್ಲ, ಅದಕ್ಕೆ ಸುಟ್ಟ ಬದನೆಕಾಯಿ ಗೊಜ್ಜು. ನನಗೆ ಕೇಳಿದರೆ, ವಾರದ ರಾತ್ರಿಗೆ ಇದಕ್ಕಿಂತ ರುಚಿಯಾದದ್ದು ಇನ್ನೊಂದಿಲ್ಲ. ದೊಡ್ಡ ಗುಂಡು ಬದನೆ ತನ್ನಿ. ಒಂದು ಕಡೆ ಸೀಳಿ ಹುಳ ಇದೆಯಾ ನೋಡಿ. ಮೈಗೆಲ್ಲ ಎಣ್ಣೆ ಸವರಿ ನೇರವಾಗಿ ಉರಿಯ ಮೇಲಿಡಿ. ಎರಡು ನಿಮಿಷಕ್ಕೊಮ್ಮೆ ತಿರುಗಿಸುತ್ತಿದ್ದರೆ ಎಂಟು ಹತ್ತು ನಿಮಿಷದಲ್ಲಿ ಸಿಪ್ಪೆ ಕರಿದಾಗಿ ಸುಕ್ಕುಗಟ್ಟುತ್ತದೆ, ಕಾಯಿ ಮೆತ್ತಗಾಗಿ ಕುಸಿಯುತ್ತದೆ, ಸೀಳಿನಿಂದ ರಸ ಜಿನುಗಿ ಉರಿಯ ಮೇಲೆ ಚುಯ್ ಅನ್ನುತ್ತದೆ. ಅದೇ ಉರಿಯಲ್ಲಿ ಎರಡು ಹಸಿಮೆಣಸನ್ನೂ ಸುಟ್ಟುಕೊಳ್ಳಿ. ಬದನೆಯನ್ನು ತಟ್ಟೆಗೆ ಹಾಕಿ ಎರಡು ನಿಮಿಷ ಮುಚ್ಚಿಡಿ, ಆಗ ಸಿಪ್ಪೆ ಸಲೀಸಾಗಿ ಬಿಡುತ್ತದೆ. ಕೈ ಒದ್ದೆ ಮಾಡಿಕೊಂಡು ಸುಲಿಯಿರಿ, ಆದರೆ ನಲ್ಲಿಯ ಕೆಳಗೆ ಹಿಡಿದು ತೊಳೆಯಬೇಡಿ. ತೊಳೆದರೆ ಸುಟ್ಟ ಘಮವೆಲ್ಲ ಸಿಂಕಿಗೆ ಹೋಗುತ್ತದೆ. ಅಲ್ಲಲ್ಲಿ ಒಂದಿಷ್ಟು ಕಪ್ಪು ಚೂರು ಉಳಿದರೆ ಉಳಿಯಲಿ. ಕೈಯಲ್ಲೇ ಹಿಸುಕಿ, ಹಸಿ ಈರುಳ್ಳಿ ಸಣ್ಣಗೆ ಹೆಚ್ಚಿ ಹಾಕಿ, ಮೆಣಸು ಚಿವುಟಿ, ಉಪ್ಪು, ಸ್ವಲ್ಪ ಹುಣಸೆ ರಸ, ಮೇಲೆ ಒಂದು ಚಮಚ ಹಸಿ ತೆಂಗಿನೆಣ್ಣೆ. ತೆಂಗಿನೆಣ್ಣೆ ಒಗ್ಗದಿದ್ದರೆ ಹುಣಸೆಯ ಬದಲು ಮೊಸರು ಹಾಕಿ, ಸಾಸಿವೆ ಒಗ್ಗರಣೆ ಕೊಡಿ. ಅನ್ನಕ್ಕೂ ಆಗುತ್ತದೆ, ಚಪಾತಿಗೂ ಆಗುತ್ತದೆ.

ಸೌತೆಕಾಯಿಯನ್ನು ಸುಮ್ನೆ ತಿನ್ನಲು ಬೇಜಾರಾದರೆ ಹಶಿ ಮಾಡಿ. ಕಾಯಿ, ಹಸಿಮೆಣಸು ರುಬ್ಬುವಾಗ ಕೊನೆಯಲ್ಲಿ ಕಾಲು ಚಮಚ ಸಾಸಿವೆ ಹಾಕಿ ಒಂದೇ ಸುತ್ತು ತಿರುಗಿಸಿ. ಜಾಸ್ತಿ ರುಬ್ಬಿದರೆ ಕಹಿ. ಅದನ್ನು ಸೌತೆಕಾಯಿ ತುರಿಗೂ ಮೊಸರಿಗೂ ಬೆರೆಸಿದರೆ ಆಯಿತು.

ಇನ್ನು ಹೆಂಡತಿಯ ಪಾಳಿ. ಅವಳ ಪದ್ಧತಿ ನನ್ನದಕ್ಕಿಂತ ಜಾಣತನದ್ದು ಅಂತ ಒಪ್ಪಿಕೊಳ್ಳಬೇಕು. ಮನೆಯಲ್ಲಿ ಯಾವಾಗಲೂ ಒಂದು ಕಟ್ಟು ಕಡಕ್ ಜೋಳದ ರೊಟ್ಟಿ ಇರುತ್ತದೆ. ಒಣಗಿದ್ದಾದ್ದರಿಂದ ವಾರಗಟ್ಟಲೆ ಕೆಡುವುದಿಲ್ಲ. ಬೆಂಗಳೂರಿನಲ್ಲಿ ಉತ್ತರ ಕರ್ನಾಟಕದ ತಿಂಡಿ ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಶೇಂಗಾ ಹಿಂಡಿ, ಗುರೆಳ್ಳು (ಹುಚ್ಚೆಳ್ಳು) ಹಿಂಡಿ ಡಬ್ಬಿಯಲ್ಲಿರುತ್ತದೆ, ಅಂದರೆ ನಾವು ಚಟ್ನಿಪುಡಿ ಅನ್ನುತ್ತೇವಲ್ಲ, ಅದು. ಹಿಂಡಿಗೆ ಗಟ್ಟಿ ಮೊಸರು ಕಲಸಿ, ಹಸಿ ಉಳ್ಳಾಗಡ್ಡಿ, ಬೇರು ಕತ್ತರಿಸಿ ತೊಳೆದ ಹಸಿ ಮೆಂತ್ಯ ಸೊಪ್ಪು ಪಕ್ಕಕ್ಕಿಟ್ಟುಕೊಂಡರೆ ಒಲೆ ಹಚ್ಚುವ ಮಾತೇ ಇಲ್ಲ. ಹಸಿ ಮೆಂತ್ಯ ಸೊಪ್ಪು ತಿನ್ನುತ್ತಾರಾ ಅಂತ ನಾನೂ ಮೊದಲು ಹುಬ್ಬೇರಿಸಿದ್ದೆ. ಹಿಂಡಿಯ ಖಾರಕ್ಕೆ ಆ ಸಣ್ಣ ಕಹಿ ಎಷ್ಟು ಹೊಂದುತ್ತದೆ ಅಂತ ತಿಂದೇ ನೋಡಬೇಕು.

ಬಿಸಿಯಾಗಿ ಏನಾದರೂ ಬೇಕು ಅನ್ನಿಸಿದ ದಿನ ಝುಣಕ. ತರಕಾರಿ ಬುಟ್ಟಿ ಪೂರ್ತಿ ಖಾಲಿಯಿದ್ದಾಗಲೂ ಆಗುವ ಪಲ್ಯ ಇದೊಂದೇ. ಒಂದು ಲೋಟ ಕಡಲೆಹಿಟ್ಟನ್ನು ಒಂದು ಲೋಟ ನೀರಿನಲ್ಲಿ ಗಂಟಿಲ್ಲದಂತೆ ಕದಡಿಟ್ಟುಕೊಳ್ಳಿ. ಬಾಣಲೆಯಲ್ಲಿ ಎಣ್ಣೆ ಧಾರಾಳವಾಗಿ ಹಾಕಿ ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ ಐದಾರು ಎಸಳು, ಹಸಿಮೆಣಸು, ಎರಡು ಈರುಳ್ಳಿ, ಅರಿಶಿನ. ಈರುಳ್ಳಿ ಬಾಡಿದ ಮೇಲೆ ಒಂದೂವರೆ ಲೋಟ ನೀರು, ಉಪ್ಪು. ನೀರು ಕುದಿ ಬಂದಾಗ ಒಂದು ಕೈಯಲ್ಲಿ ಹಿಟ್ಟು ಸುರಿಯುತ್ತಾ ಇನ್ನೊಂದು ಕೈಯಲ್ಲಿ ತಿರುವುತ್ತಾ ಇರಿ. ನೋಡನೋಡುತ್ತಿದ್ದಂತೆ ಗಟ್ಟಿಯಾಗುತ್ತದೆ. ಆಯಿತು ಅಂತ ಅಲ್ಲಿಗೇ ಇಳಿಸಿದರೆ ಹಸಿ ಹಿಟ್ಟಿನ ವಾಸನೆ ಉಳಿಯುತ್ತದೆ. ಉರಿ ಸಣ್ಣ ಮಾಡಿ ಐದಾರು ನಿಮಿಷ ಮುಚ್ಚಿಡಿ, ಬಾಣಲೆಯ ಬದಿ ಬಿಟ್ಟುಕೊಂಡು ಬರಬೇಕು. ಕೊತ್ತಂಬರಿ ಉದುರಿಸಿ.

ಅವಳಿಗೂ ಕೈ ಓಡದ ದಿನ ಒಗ್ಗರಣೆ ಮಂಡಕ್ಕಿ. ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ ಆಗಲೇ ಹಿಂಡಿ ತೆಗೆಯುವುದು, ಈರುಳ್ಳಿ, ಟೊಮೆಟೊ, ಶೇಂಗಾ ಒಗ್ಗರಣೆಗೆ ಹಾಕುವುದು, ಮೇಲೆ ಪುಟಾಣಿ (ಹುರಿಗಡಲೆ) ಪುಡಿ ಉದುರಿಸುವುದು. ಹನ್ನೆರಡು ನಿಮಿಷ. ದಾವಣಗೆರೆಯವರಾದರೆ ಜೊತೆಗೆ ಮಿರ್ಚಿ ಇಲ್ಲದೆ ಮುಟ್ಟುವುದಿಲ್ಲ, ನಾವು ಅಷ್ಟು ಕಟ್ಟುನಿಟ್ಟಲ್ಲ.

ಉಪ್ಪಿಟ್ಟಿನ ಬಗ್ಗೆ ನಾನು ಹೇಳುವುದೇನೂ ಇಲ್ಲ, ನಿಮಗೆ ಗೊತ್ತಿರುವುದೇ. ಮುದ್ದೆ ತೊಳಸುವುದು ನನಗೆ ಇವತ್ತಿಗೂ ಬಂದಿಲ್ಲ, ಗಂಟಾಗುತ್ತದೆ. ಹಾಗಾಗಿ ಅದರ ಬಗ್ಗೆ ಬಾಯಿ ಮುಚ್ಚಿಕೊಂಡಿರುತ್ತೇನೆ.

ವಾರಕ್ಕೊಂದು ದಿನ ನೀರುದೋಸೆ ಮಾಡಿ ನೋಡಿ. ದೋಸೆ ಅಂದ ಕೂಡಲೇ ಹಿಟ್ಟು ಹುಳಿ ಬರಬೇಕಲ್ಲ ಅಂತ ಜನ ಹಿಂಜರಿಯುತ್ತಾರೆ. ಇದಕ್ಕೆ ಹುಳಿ ಬರುವ ಕೆಲಸವೇ ಇಲ್ಲ. ಬೆಳಿಗ್ಗೆ ಹೊರಡುವಾಗ ಒಂದೂವರೆ ಲೋಟ ದೋಸೆ ಅಕ್ಕಿ ನೆನೆಹಾಕಿ. ಸಂಜೆ ನೀರು ಬದಲಿಸಿ, ಒಂದು ಹಿಡಿ ಕಾಯಿತುರಿ ಸೇರಿಸಿ ನುಣ್ಣಗೆ ರುಬ್ಬಿ, ಹಾಲಿನಷ್ಟು ತೆಳ್ಳಗೆ ಮಾಡಿಕೊಳ್ಳಿ. ಕಾವಲಿ ಚೆನ್ನಾಗಿ ಕಾದಿರಬೇಕು. ಹಿಟ್ಟನ್ನು ಸೌಟಿನಲ್ಲಿ ತಿಕ್ಕಬಾರದು, ಅಂಚಿನಿಂದ ಸುರಿಯಬೇಕು. ಮುಚ್ಚಿ ಬೇಯಿಸಿ, ಮಗುಚುವುದು ಬೇಡ. ಕಾಯಿತುರಿಗೆ ಬೆಲ್ಲ ಕಲಸಿದರೆ ನೆಂಚಿಕೊಳ್ಳಲು ಆಯಿತು. ಚಟ್ನಿ ಬೇಕೇ ಬೇಕು ಅನ್ನುವವರಿಗೆ ಹಿಂದೆ ಹೇಳಿದ ಹಿಂಡಿ ಇದೆಯಲ್ಲ.

ಭಾನುವಾರ ಇಡೀ ದಿನ ಡಬ್ಬಿ ತುಂಬಿಸಿಡುವ ಪದ್ಧತಿ ನನಗೆ ಹಿಡಿಸಲಿಲ್ಲ. ಎರಡು ಸಲ ಮಾಡಿ ಬಿಟ್ಟೆ, ಗುರುವಾರದ ಹೊತ್ತಿಗೆ ಎಲ್ಲದಕ್ಕೂ ಫ್ರಿಜ್ಜಿನದೇ ರುಚಿ. ನಾನು ಉಳಿಸಿಕೊಂಡಿರುವುದು ಎರಡೇ. ಕರಿಬೇವು ತೊಳೆದು ಬಟ್ಟೆಯ ಮೇಲೆ ಆರಿಸಿ ಡಬ್ಬಿಗೆ ಹಾಕುವುದು ಒಂದು. ಎರಡು ತೆಂಗಿನಕಾಯಿ ತುರಿದು ಸಣ್ಣ ಸಣ್ಣ ಡಬ್ಬಿಗಳಲ್ಲಿ ಫ್ರೀಜರಿಗೆ ಇಡುವುದು ಇನ್ನೊಂದು. ಆ ಕಾಯಿಯನ್ನು ರುಬ್ಬುವ ಮೊದಲು ಐದು ನಿಮಿಷ ಬೆಚ್ಚಗಿನ ನೀರಿನಲ್ಲಿ ನೆನೆಸಬೇಕು. ಹಿಮದಂತಿದ್ದಾಗಲೇ ಮಿಕ್ಸಿಗೆ ಹಾಕಿದರೆ ಅದರ ಜಿಡ್ಡು ಬೆಣ್ಣೆಯ ಹಾಗೆ ಬೇರೆಯಾಗಿ ತೇಲುತ್ತದೆ.

ಶುಕ್ರವಾರ ನಾವೂ ಹೊರಗಿನಿಂದ ತರಿಸುತ್ತೇವೆ. ಅದಕ್ಕೆ ಬೇಸರ ಮಾಡಿಕೊಳ್ಳುವುದೇನಿಲ್ಲ. ಅಮ್ಮ ಮಾತ್ರ ಸರಿಯಾಗಿ ಆ ಹೊತ್ತಿಗೇ ಫೋನ್ ಮಾಡಿ 'ಎಂತ ಮಾಡ್ದ್ಯೋ ಊಟಕ್ಕೆ?' ಅಂತ ಕೇಳುತ್ತಾರೆ. ನಾನು ತಂಬುಳಿ ಅನ್ನುತ್ತೇನೆ.

ನಾಳೆಗೆಲ್ಲ ಸರಿ, ಇವತ್ತು ರಾತ್ರಿಗೆ ಏನು, ಮನೆಯಲ್ಲಿ ಏನೂ ಇಲ್ಲ ಅನ್ನುತ್ತೀರಾ? ಒಂದು ನಿಂಬೆಹಣ್ಣು ಇದ್ದೇ ಇರುತ್ತದಲ್ಲ, ಅಪ್ಪೆಹುಳಿ ಮಾಡಿ. ಹೆಸರಿಗೆ ಹುಳಿ ಅಷ್ಟೇ, ಬೇಳೆಯೂ ರುಬ್ಬುವುದೂ ಇಲ್ಲದ ತೆಳು ಸಾರು. ನಿಜವಾದ ಅಪ್ಪೆಹುಳಿ ಮಾವಿನಕಾಯಿಯದ್ದು, ಕಾಯಿ ಸಿಗದ ಕಾಲಕ್ಕೆ ನಿಂಬೆಯದ್ದು. ಎರಡು ಲೋಟ ನೀರಿಗೆ ಉಪ್ಪು, ಅರ್ಧ ಚಮಚ ಸಕ್ಕರೆ, ಒಂದು ಹಸಿಮೆಣಸು ಸೀಳಿ ಹಾಕಿ ಕುದಿಸಿ. ಒಲೆ ಆರಿಸಿದ ಮೇಲೆ ನಿಂಬೆರಸ ಹಿಂಡಿ. ಕುದಿಯುವಾಗ ಹಿಂಡಿದರೆ ಕಹಿಯಾಗುತ್ತದೆ. ಒಂದು ಚಮಚ ಎಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಕರಿಬೇವು, ಇಂಗು. ಇಂಗು ಸ್ವಲ್ಪ ಜಾಸ್ತಿಯೇ ಇರಲಿ. ಬಿಸಿ ಅನ್ನಕ್ಕೆ ತುಪ್ಪ ಹಾಕಿ ಇದನ್ನು ಕಲಸಿಕೊಳ್ಳಿ. ಉಳಿದದ್ದನ್ನು ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯಿರಿ.