ತಂದೆಗೆ ಲಕ್ವಾ ಹೊಡೆದಿದೆ, ಗುತ್ತಿಗೆ ಇನ್ನೂ ಐದು ತಿಂಗಳಿದೆ: ಬಿಟ್ಟು ಬರಬಹುದೇ?

ನಿಮ್ಮ ಪ್ರಶ್ನೆಯನ್ನು ನಾನು ತಿಳಿದುಕೊಂಡಿರುವುದು ಹೀಗೆ. ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಒಂದು ಸಾಫ್ಟ್‌ವೇರ್ ಕಂಪನಿಗೆ ಏಜೆನ್ಸಿಯ ಮೂಲಕ 12 ತಿಂಗಳ ಗುತ್ತಿಗೆಯ ಮೇಲೆ ಟೆಸ್ಟಿಂಗ್ ಕೆಲಸ ಮಾಡುತ್ತಿದ್ದೀರಿ; ಏಳು ತಿಂಗಳು ಮುಗಿದು ಐದು ಉಳಿದಿವೆ. ಎಂಟು ದಿನಗಳ ಹಿಂದೆ ಆಳಂದದಲ್ಲಿರುವ ನಿಮ್ಮ ತಂದೆಗೆ ಲಕ್ವಾ ಹೊಡೆದು, ಈಗ ಅವರು ಕಲಬುರಗಿಯ ಆಸ್ಪತ್ರೆಯಲ್ಲಿದ್ದಾರೆ. ಮನೆಯಲ್ಲಿ ತಾಯಿ ಒಬ್ಬರೇ, ಅಕ್ಕ ಮದುವೆಯಾಗಿ ಸೊಲ್ಲಾಪುರದಲ್ಲಿದ್ದಾರೆ. ಗುತ್ತಿಗೆಯನ್ನು ಅರ್ಧಕ್ಕೆ ಬಿಟ್ಟು ಬಂದರೆ ಮಾತಿಗೆ ತಪ್ಪಿದಂತಾಗುವುದೇ, ಕೇಸು ಹಾಕುತ್ತಾರೆಯೇ, ಮುಂದೆ ಯಾರಾದರೂ ಕೆಲಸ ಕೊಡುತ್ತಾರೆಯೇ ಎಂದು ಕೇಳಿದ್ದೀರಿ.

ಬಿಟ್ಟು ಬನ್ನಿ ಎಂದೇ ನಾನು ಹೇಳುತ್ತೇನೆ, ಆದರೆ ಈ ವಾರ ಬಿಡಬೇಡಿ. ಬಿಡುವುದು ಸರಿ ಎಂಬುದರಲ್ಲಿ ನನಗೆ ಎಂದೂ ಅನುಮಾನ ಬಂದಿಲ್ಲ. ಯಾವಾಗ ಮತ್ತು ಹೇಗೆ ಬಿಡಬೇಕು ಎಂಬುದನ್ನು ಮಾತ್ರ ನಷ್ಟ ಮಾಡಿಕೊಂಡು ಕಲಿತಿದ್ದೇನೆ.

2017ರಲ್ಲಿ ನಾನು ಮಾಧಾಪುರದಲ್ಲಿ ನಿಮ್ಮಂಥದ್ದೇ ಗುತ್ತಿಗೆಯ ಮೇಲಿದ್ದೆ. ಅವ್ವನ ಮೂತ್ರಪಿಂಡಗಳು ಕೈಕೊಟ್ಟಿವೆ, ಡಯಾಲಿಸಿಸ್ ಶುರು ಮಾಡಬೇಕಂತೆ ಎಂದು ಒಂದು ಶನಿವಾರ ಸಂಜೆ ಕಾಕಾ ಕಲಬುರಗಿಯಿಂದ ಫೋನ್ ಮಾಡಿದರು. ಅಂದೇ ರಾತ್ರಿ ಬಸ್ಸು ಹತ್ತಿದೆ. ಹುಮನಾಬಾದಿನಲ್ಲಿ ಬಸ್ಸು ಚಹಾಕ್ಕೆಂದು ನಿಂತಾಗ, ಬ್ಯಾಟರಿ ಕೆಂಪಗಾಗಿದ್ದ ಮೊಬೈಲಿನಲ್ಲಿ, ಮನೆಯ ಕಾರಣದಿಂದ ಸೋಮವಾರದಿಂದ ಬರಲಾಗುವುದಿಲ್ಲ, ಕ್ಷಮಿಸಿ ಎಂದು ನಾಲ್ಕು ಸಾಲು ಬರೆದು ಟೀಮ್ ಲೀಡ್‌ಗೆ ಕಳಿಸಿದೆ. ಏಜೆನ್ಸಿಗೆ ಅದರ ಪ್ರತಿಯನ್ನೂ ಕಳಿಸಲಿಲ್ಲ. ಗುತ್ತಿಗೆ ಪತ್ರವನ್ನು ಸಹಿ ಹಾಕಿದ ದಿನ ಮುಚ್ಚಿಟ್ಟವನು ಮತ್ತೆ ತೆರೆದೇ ಇರಲಿಲ್ಲ. ಇನ್ನೂ ನಾಲ್ಕು ತಿಂಗಳ ಕೆಲಸ ಬಾಕಿಯಿತ್ತು.

ಡಯಾಲಿಸಿಸ್ ಎಂದರೆ ವಾರಕ್ಕೆ ಮೂರು ಸಲ, ಒಮ್ಮೆಗೆ ಸುಮಾರು ನಾಲ್ಕು ತಾಸು. ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಅವ್ವನನ್ನು ಆಟೋದಲ್ಲಿ ಕರೆದೊಯ್ಯುತ್ತಿದ್ದೆ, ಮಧ್ಯಾಹ್ನ ಕರೆತರುತ್ತಿದ್ದೆ. ಉಳಿದ ದಿನಗಳಲ್ಲಿ ಅವಳು ಒಳಗೆ ಮಲಗಿರುತ್ತಿದ್ದಳು, ನಾನು ಪಡಸಾಲೆಯಲ್ಲಿ ಕುಳಿತು ಫ್ಯಾನು ನೋಡುತ್ತಿದ್ದೆ. ಎರಡು ತಿಂಗಳು ಕಳೆಯುವ ಹೊತ್ತಿಗೆ ಅವಳೇ, “ನೀ ಬಂದು ಹಿಂಗ ಕುಂತ್ರ ಮನಿ ಹ್ಯಾಂಗ ನಡೀತದೋ ತಮ್ಮಾ” ಎಂದಳು. ವಾರಕ್ಕೆ ಮೂರು ಅರ್ಧ ದಿನಗಳ ಅಗತ್ಯಕ್ಕಾಗಿ ನಾನು ಇಡೀ ವಾರದ ದುಡಿಮೆಯನ್ನು ಬಿಟ್ಟು ಬಂದಿದ್ದೆ. ಮೂರು ದಿನ ಮಧ್ಯಾಹ್ನದ ಮೇಲೆ, ಉಳಿದ ದಿನ ಪೂರ್ತಿ, ಮನೆಯಿಂದಲೇ ಮಾಡುತ್ತೇನೆ ಎಂದು ಕೇಳಬಹುದಿತ್ತು. ಆಗ ಮನೆಯಿಂದ ಕೆಲಸ ಇಂದಿನಷ್ಟು ರೂಢಿಯಲ್ಲಿರಲಿಲ್ಲವಾದ್ದರಿಂದ ಅವರು ಒಪ್ಪುತ್ತಿದ್ದರೋ ಇಲ್ಲವೋ ಹೇಳಲಾರೆ, ಆದರೆ ನಾನು ಕೇಳಲೇ ಇಲ್ಲ.

ನಿಮ್ಮ ತಂದೆಯ ಕಾಯಿಲೆಯ ನಡೆ ಬೇರೆ, ಆದ್ದರಿಂದಲೇ ನಿಮಗೆ ಬೇರೆ ಲೆಕ್ಕ ಹೇಳುತ್ತಿದ್ದೇನೆ. ಆಸ್ಪತ್ರೆಯಲ್ಲಿರುವಷ್ಟು ದಿನ ನಮ್ಮ ಭಾಗದಲ್ಲಿ ಮಂದಿಗೆ ಕೊರತೆಯಿಲ್ಲ. ರೊಟ್ಟಿ ಬುತ್ತಿ ಕಟ್ಟಿಕೊಂಡು ಬರುವವರು, ವಾರ್ಡಿನ ಹೊರಗೆ ಚಾಪೆ ಹಾಸಿ ಮಲಗುವವರು, ಔಷಧಿ ಚೀಟಿ ಹಿಡಿದು ಓಡುವ ಸೋದರಳಿಯಂದಿರು, ಎಲ್ಲರೂ ಇರುತ್ತಾರೆ. ನೀವು ಅಲ್ಲಿ ಹತ್ತನೆಯವರಾಗಿ ನಿಲ್ಲುತ್ತೀರಿ. ಮನೆಗೆ ಕರೆತಂದು ಎರಡು ವಾರವಾಗುವಷ್ಟರಲ್ಲಿ ಎಲ್ಲರೂ ತಮ್ಮ ತಮ್ಮ ಹೊಲ, ಅಂಗಡಿಗಳಿಗೆ ಹೊರಟುಹೋಗುತ್ತಾರೆ, ನಿಜವಾದ ಕೆಲಸ ಆಗ ಆರಂಭವಾಗುತ್ತದೆ. ಎದ್ದು ಕೂರಲಾಗದವರನ್ನು ಬೆನ್ನಿಗೆ ಹುಣ್ಣಾಗದಂತೆ ಎರಡೆರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಬಚ್ಚಲಿಗೆ ಎತ್ತಿ ಒಯ್ಯಬೇಕು. ನುಂಗಲು ತೊಂದರೆಯಿದ್ದರೆ ಗಂಜಿಯನ್ನೂ ಗಂಟಲಿಗೆ ಸಿಕ್ಕದಂತೆ ನೋಡಿ ಉಣಿಸಬೇಕು. ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮವನ್ನು ದಿನವೂ ತಪ್ಪದೆ ಮಾಡಿಸಬೇಕು. ಇದು ಅರವತ್ತರ ಆಸುಪಾಸಿನ ತಾಯಿಯೊಬ್ಬರ ಕೈಯಿಂದ ಆಗುವ ಕೆಲಸವಲ್ಲ. ಅದಕ್ಕಿಂತ ಮುಖ್ಯವಾಗಿ, ಲಕ್ವಾ ಆದವರಲ್ಲಿ ಕೈಕಾಲಿನ ಚೇತರಿಕೆ ಹೆಚ್ಚು ವೇಗವಾಗಿ ಆಗುವುದು ಮೊದಲ ಮೂರು ತಿಂಗಳಲ್ಲಿ. ಅನಂತರವೂ ಸುಧಾರಣೆ ಇರುತ್ತದೆ, ಆದರೆ ಅದರ ಗತಿ ನಿಧಾನ. ಐದು ತಿಂಗಳ ಗುತ್ತಿಗೆ ಮುಗಿಸಿಕೊಂಡೇ ಬರುತ್ತೇನೆ ಎಂದರೆ ಆ ಮೂರು ತಿಂಗಳು ನೀವಿಲ್ಲದೆಯೇ ಕಳೆದುಹೋಗುತ್ತವೆ. ಆದ್ದರಿಂದ ಈಗ ಒಂದು ವಾರ ರಜೆ ಹಾಕಿ ಬಂದು ವೈದ್ಯರ ಜೊತೆ ಮಾತಾಡಿ, ಮುಂದಿನ ವಾರ ನೋಟಿಸ್ ಕೊಡಿ. 30 ದಿನದ ನೋಟಿಸ್ ಮುಗಿಯುವ ಹೊತ್ತಿಗೆ ಬಂಧುಗಳು ಹೊರಟಿರುತ್ತಾರೆ, ನೀವು ಬಂದಿರುತ್ತೀರಿ. ನಡುವಿನ ಒಂದೆರಡು ವಾರಗಳ ಮಟ್ಟಿಗೆ ಸೊಲ್ಲಾಪುರದ ಅಕ್ಕನನ್ನು ಕೇಳಿಕೊಳ್ಳಿ, ರೈಲಿನಲ್ಲಿ ಎರಡು ತಾಸಿನ ಹಾದಿ.

ಇನ್ನು ಮಾತಿಗೆ ತಪ್ಪುವ ವಿಚಾರ. ನಿಮ್ಮ ಗುತ್ತಿಗೆ ಪತ್ರದಲ್ಲಿ ಅವಧಿಗೆ ಮುನ್ನ ಯಾವ ಪಕ್ಷವೂ ಇಂತಿಷ್ಟು ದಿನದ ನೋಟಿಸ್ ಕೊಟ್ಟು ಮುಗಿಸಬಹುದು ಎಂಬ ಷರತ್ತು ಬಹುಮಟ್ಟಿಗೆ ಇದ್ದೇ ಇರುತ್ತದೆ. ಪ್ರಾಜೆಕ್ಟ್ ನಿಂತರೆ ಕಂಪನಿಯವರು ಆ ಷರತ್ತನ್ನು ಬಳಸಿ ನಿಮ್ಮನ್ನು ಕಳಿಸಲು ಒಂದು ಕ್ಷಣವೂ ಹಿಂಜರಿಯುವುದಿಲ್ಲ, ಹಾಗೆ ಕಳಿಸಿದಾಗ ಅವರು ಮಾತಿಗೆ ತಪ್ಪಿದರು ಎಂದು ಯಾರೂ ಹೇಳುವುದಿಲ್ಲ. ಅದೇ ಷರತ್ತನ್ನು ನೀವು ಬಳಸಿದರೆ ನೀವು ಮಾತನ್ನು ಉಳಿಸಿಕೊಂಡಂತೆಯೇ, ಏಕೆಂದರೆ ನೀವು ಕೊಟ್ಟ ಮಾತಿನಲ್ಲಿ ಆ ಷರತ್ತೂ ಸೇರಿದೆ. ನನ್ನ ಹಾಗೆ ಹುಮನಾಬಾದಿನಿಂದ ಮೇಲ್ ಹಾಕಿ ಮಾಯವಾದರೆ ಮಾತ್ರ ಅದು ತಪ್ಪು.

ಕೇಸಿನ ಬಗ್ಗೆ ಹೇಳುವುದಾದರೆ, ನಿಮ್ಮನ್ನು ಬಲವಂತವಾಗಿ ಕೆಲಸಕ್ಕೆ ಕೂರಿಸಲು ಕೋರ್ಟಿನಿಂದಲೂ ಸಾಧ್ಯವಿಲ್ಲ. ವ್ಯಕ್ತಿಯ ಸ್ವಂತ ಅರ್ಹತೆಯನ್ನೇ ಅವಲಂಬಿಸಿದ ಕರಾರನ್ನು ಹಾಗೆ ಜಾರಿ ಮಾಡಿಸಲು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 14ನೆಯ ಸೆಕ್ಷನ್ ಅವಕಾಶ ಕೊಡುವುದಿಲ್ಲ. ಅವರು ಕೇಳಬಹುದಾದದ್ದು ಹಣ. ಷರತ್ತು ಮುರಿದರೆ ಇಷ್ಟು ಕೊಡಬೇಕು ಎಂದು ಪತ್ರದಲ್ಲಿ ಬರೆದಿದ್ದರೂ, 1872ರ ಭಾರತೀಯ ಒಪ್ಪಂದ ಕಾಯ್ದೆಯ 74ನೆಯ ಸೆಕ್ಷನ್ ಪ್ರಕಾರ ಆ ಮೊತ್ತವನ್ನು ಮೀರದಂತೆ ನ್ಯಾಯವಾದ ಪರಿಹಾರವಷ್ಟೇ ಸಿಗುತ್ತದೆ. ಹಾಗೆಂದು ಬಾಂಡುಗಳೆಲ್ಲ, ಅಂದರೆ ಅವಧಿಗೆ ಮುನ್ನ ಬಿಟ್ಟರೆ ಹಣ ಕಟ್ಟುತ್ತೇನೆ ಎಂಬ ಮುಚ್ಚಳಿಕೆಗಳೆಲ್ಲ, ಬರಿಯ ಬೆದರಿಕೆ ಎಂದು ಗೆಳೆಯರು ಹೇಳಿದರೆ ನಂಬಬೇಡಿ: ಮೂರು ವರ್ಷಕ್ಕೆ ಮುನ್ನ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕು ಎಂಬ ಷರತ್ತು ಸಿಂಧು ಎಂದು ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ನಿಮ್ಮ ಪತ್ರದಲ್ಲಿ ಅಂಥ ನಿಗದಿತ ಮೊತ್ತವೇನಾದರೂ ಇದ್ದರೆ, ನೋಟಿಸ್ ಕೊಡುವ ಮುನ್ನ ಒಬ್ಬ ವಕೀಲರಿಗೆ ಅದನ್ನು ತೋರಿಸಿ. ಕಲಬುರಗಿಯಲ್ಲಿ ಹೈಕೋರ್ಟ್ ಪೀಠವೇ ಇರುವುದರಿಂದ ಇಂಥದ್ದನ್ನು ಓದಿ ಹೇಳುವವರಿಗೆ ಇಲ್ಲಿ ಬರವಿಲ್ಲ.

ಆದರೆ ಏಜೆನ್ಸಿಯವರು ಕೋರ್ಟಿನವರೆಗೆ ಹೋಗುವ ತೊಂದರೆ ತೆಗೆದುಕೊಳ್ಳುವುದು ಅಪರೂಪ. ಅದಕ್ಕಿಂತ ಸುಲಭದ ಹಿಡಿತ ಅವರಿಗಿದೆ, ಅದು ನಿಮಗೆ ಬರಬೇಕಾದ ಬಾಕಿ. ನನ್ನ ಬಿಲ್ಲುಗಳು ಪಾವತಿಯಾಗುತ್ತಿದ್ದದ್ದು 45 ದಿನಗಳಿಗೊಮ್ಮೆ, ಆದ್ದರಿಂದ ನಾನು ಬಿಟ್ಟ ದಿನ ಒಂದೂವರೆ ತಿಂಗಳ ದುಡಿಮೆ ಅವರ ಬಳಿಯೇ ಇತ್ತು. 30 ದಿನದ ನೋಟಿಸಿನ ಮೊತ್ತವನ್ನು ಅದರಲ್ಲೇ ಹಿಡಿದುಕೊಂಡು, ಉಳಿದ ಅರ್ಧ ತಿಂಗಳ ಹಣವನ್ನು ಎಂಟು ತಿಂಗಳ ಮೇಲೆ, ಹತ್ತಾರು ಫೋನುಗಳಾದ ನಂತರ ಕೊಟ್ಟರು. ಹಿಡಿದುಕೊಂಡದ್ದು ಷರತ್ತಿನಂತೆಯೇ ಇತ್ತು, ಆ ಬಗ್ಗೆ ನನ್ನ ತಕರಾರಿಲ್ಲ. ಎಂಟು ತಿಂಗಳು ಆಡಿಸಿದ್ದಕ್ಕೆ ಇದೆ. ಅವ್ವನ ಔಷಧಿಗೆ ಕೈಸಾಲ ಮಾಡಿದ ತಿಂಗಳುಗಳು ಅವು.

ಈ ವಿಷಯದಲ್ಲಿ ನೀವು ಯಾವ ಬಗೆಯ ಗುತ್ತಿಗೆಯವರು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಏಜೆನ್ಸಿಯಿಂದ ಪಿಎಫ್ ಕಡಿತವಾದ ಸಂಬಳ ಚೀಟಿ ಬರುತ್ತಿದ್ದರೆ ನೀವು ಅವರ ನಿಗದಿತ ಅವಧಿಯ ನೌಕರರು. ಆಗ ಬಿಡುಗಡೆ ಪತ್ರ ಕೇಳಿ ಪಡೆಯಬೇಕು, ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕ ನಮೂದಾಗಿದೆಯೇ ನೋಡಬೇಕು. ಅವರು ನಮೂದಿಸದಿದ್ದರೆ ಎರಡು ತಿಂಗಳ ನಂತರ ನೀವೇ ಪೋರ್ಟಲ್‌ನಲ್ಲಿ ನಮೂದಿಸಬಹುದು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಇಂಥ ನೌಕರರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗುವ ಇಡಿಗಂಟು) ಎಂದಿದೆ. ಈಗ ಬಿಟ್ಟರೆ ಅದು ಕೈತಪ್ಪುತ್ತದೆ ಎಂಬುದನ್ನೂ ಲೆಕ್ಕದಲ್ಲಿಡಿ, ಆದರೆ ಅದಕ್ಕಾಗಿ ನಿಲ್ಲುವಷ್ಟು ದೊಡ್ಡ ಮೊತ್ತ ಅದಲ್ಲ. ಹಾಗಲ್ಲದೆ ನೀವೇ ತಿಂಗಳಿಗೊಂದು ಬಿಲ್ಲು ಕೊಟ್ಟು, ಟಿಡಿಎಸ್ (ಮೊದಲೇ ಹಿಡಿಯುವ ಆದಾಯ ತೆರಿಗೆ) ಕಡಿತವಾದ ಹಣ ಪಡೆಯುವವರಾದರೆ ಪಿಎಫ್, ಗ್ರಾಚ್ಯುಟಿಗಳ ಮಾತಿಲ್ಲ. ಸಣ್ಣ ಉದ್ಯಮಿ ಎಂದು ಸರ್ಕಾರದಲ್ಲಿ ಉದ್ಯಮ್ ನೋಂದಣಿ ಮೊದಲೇ ಮಾಡಿಸಿಟ್ಟಿದ್ದರೆ ಮಾತ್ರ ನಿಮಗೊಂದು ಆಸರೆಯಿದೆ: 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯಂತೆ ಸಣ್ಣ ಉದ್ಯಮಿಯ ಬಿಲ್ಲನ್ನು ಹೆಚ್ಚೆಂದರೆ 45 ದಿನದೊಳಗೆ ಪಾವತಿಸಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ನನಗೆ ಇದು ಗೊತ್ತಾದದ್ದು ಎಲ್ಲ ಮುಗಿದ ಮೇಲೆ.

ನೋಟಿಸ್ ಕೊಡುವ ಮುನ್ನ ಬೇರೆ ಏರ್ಪಾಡನ್ನು ಒಮ್ಮೆ ಕೇಳಿ ನೋಡಿ, ಕೇಳುವಾಗ ನಿರ್ದಿಷ್ಟವಾಗಿ ಕೇಳಿ. ಏನಾದರೂ ಸಹಾಯ ಮಾಡಿ ಎಂದರೆ ಅವರು ನೋಡೋಣ ಎನ್ನುತ್ತಾರೆ, ಅಲ್ಲಿಗೇ ಮುಗಿಯಿತು. ಮೂರು ತಿಂಗಳು ಕಲಬುರಗಿಯಿಂದಲೇ, ದಿನಕ್ಕೆ ನಾಲ್ಕು ತಾಸು, ಅರ್ಧ ದರಕ್ಕೆ ಕೆಲಸ ಮಾಡಲು ಸಿದ್ಧನಿದ್ದೇನೆ, ಶುಕ್ರವಾರದೊಳಗೆ ಹೌದೋ ಅಲ್ಲವೋ ತಿಳಿಸಿ ಎಂದರೆ ಅವರು ಉತ್ತರ ಕೊಡಲೇಬೇಕಾಗುತ್ತದೆ. ಅಲ್ಲ ಎಂದರೆ ನೋಟಿಸನ್ನು ಏಜೆನ್ಸಿಗೆ ಲಿಖಿತವಾಗಿ ಕೊಡಿ, ಏಕೆಂದರೆ ನಿಮ್ಮ ಒಪ್ಪಂದ ಅವರೊಂದಿಗೆ; ಅದೇ ದಿನ ಟೀಮ್ ಲೀಡ್‌ಗೆ ಫೋನಿನಲ್ಲಿ ಖುದ್ದಾಗಿ ತಿಳಿಸಿ. ತಂದೆಗೆ ಲಕ್ವಾ ಆಗಿದೆ, ಆರೈಕೆಗೆ ನಾನೇ ಬೇಕು, ಕೊನೆಯ ದಿನ ಇಂಥದ್ದು, ಇಷ್ಟು ಸಾಕು. ಸ್ಕ್ಯಾನ್ ವರದಿ, ಹಾಸಿಗೆಯ ಮೇಲಿನ ಫೋಟೋ ಯಾವುದನ್ನೂ ಲಗತ್ತಿಸಬೇಡಿ. ನೀವು ಭಿಕ್ಷೆ ಕೇಳುತ್ತಿಲ್ಲ.

ಆ 30 ದಿನಗಳಲ್ಲಿ ನಿಮ್ಮ ತಲೆಯಲ್ಲಷ್ಟೇ ಇರುವುದನ್ನೆಲ್ಲ ಬರೆದಿಟ್ಟು ಬನ್ನಿ. ನನ್ನ ಲ್ಯಾಪ್‌ಟಾಪಿನಿಂದ ದಿನವೂ ರಾತ್ರಿ ಎರಡು ಗಂಟೆಗೆ ಒಂದು ಸ್ಕ್ರಿಪ್ಟ್ ಓಡಿ, ಬೆಳಿಗ್ಗೆ ಎಲ್ಲರ ಮೇಲ್‌ಗೂ ಟೆಸ್ಟ್ ವರದಿ ಹೋಗುತ್ತಿತ್ತು; ಅದು ಎಲ್ಲಿಂದ ಬರುತ್ತದೆ ಎಂಬುದು ನನ್ನ ಹೊರತು ಯಾರಿಗೂ ಗೊತ್ತಿರಲಿಲ್ಲ. ನಾನು ಬಂದ ಮೂರನೆಯ ದಿನ ಟೀಮ್ ಲೀಡ್ ಫೋನ್ ಮಾಡಿದಾಗ ಅವ್ವನ ತೋಳಿನಲ್ಲಿ ಸೂಜಿಯಿತ್ತು, ಯಂತ್ರ ತಿರುಗುತ್ತಿತ್ತು, ನಾನು ಮೊಬೈಲನ್ನು ಭುಜಕ್ಕೆ ಒತ್ತಿಕೊಂಡು ಪಾಸ್‌ವರ್ಡಿನ ಒಂದೊಂದು ಅಕ್ಷರವನ್ನೂ ಕೂಗಿ ಹೇಳುತ್ತಿದ್ದೆ. ಪಕ್ಕದ ಹಾಸಿಗೆಯ ಅಜ್ಜ ಅದನ್ನೆಲ್ಲ ಕೇಳಿಸಿಕೊಂಡು, “ನಿನ್ನ ನೌಕರಿ ಭಾಳ ಕಷ್ಟದ್ದು ಅದ ನೋಡು” ಎಂದ. ಆ ತಿಂಗಳು ಅಂಥ ಕರೆಗಳು ಎಷ್ಟು ಬಂದವೆಂದರೆ, ಅರ್ಧ ಕೆಲಸವನ್ನು ಸಂಬಳವಿಲ್ಲದೆ ಮಾಡಿದಂತಾಯಿತು.

ಮುಂದೆ ಕೆಲಸ ಸಿಗುವುದೇ ಎಂಬ ಭಯಕ್ಕೆ ಹೆಚ್ಚು ಹೇಳಬೇಕಿಲ್ಲ. ಆ ಏಜೆನ್ಸಿ ನನ್ನನ್ನು ಮತ್ತೆ ಕರೆಯಲಿಲ್ಲ, ಬೇರೆಯವರು ಕರೆದರು. ಸಂದರ್ಶನದಲ್ಲಿ ಆ ಖಾಲಿ ತಿಂಗಳುಗಳ ಬಗ್ಗೆ ಕೇಳಿದಾಗ ತಾಯಿಯ ಡಯಾಲಿಸಿಸ್ ಎಂದು ಒಂದೇ ಮಾತಿನಲ್ಲಿ ಹೇಳಿದೆ, ಎರಡನೆಯ ಪ್ರಶ್ನೆ ಬರಲಿಲ್ಲ.

ಮನೆಯ ಕಾರಣ ಎಂದ ಮಾತ್ರಕ್ಕೆ ಎಲ್ಲದಕ್ಕೂ ನಾನು ಇದನ್ನೇ ಹೇಳುತ್ತೇನೆ ಎಂದು ತಿಳಿಯಬೇಡಿ. ತಂಗಿಯ ಮದುವೆಗೆ, ತೊಗರಿಯ ರಾಶಿಗೆ, ಹೊಲದ ಬಾಂದಿನ ಜಗಳಕ್ಕೆ ರಜೆ ಸಾಕು. ಅಂಥ ಕಾರಣಕ್ಕೆ ಗುತ್ತಿಗೆ ಬಿಟ್ಟವರು ನನಗೆ ಗೊತ್ತು, ಅದು ನನಗೆ ಒಪ್ಪಿಗೆಯಿಲ್ಲ. ಮನೆಗೆ ಬೇಕಾಗಿರುವುದು ನಿಮ್ಮ ದುಡ್ಡೇ ಆಗಿದ್ದರೆ ಆಗಲೂ ಬಿಡಬಾರದು, ದುಡಿದು ಒಬ್ಬ ಆಳನ್ನು ಇಡಬೇಕು. ಒಬ್ಬನೇ ಮಗ, ಬಂದು ತಂದೆಯ ಹತ್ತಿರ ಕೂರಬೇಕು ಎಂದು ಊರಿನ ಹಿರಿಯರು ಹೇಳುವುದನ್ನು ಕೇಳುವ ಮುನ್ನ, ನಿಮ್ಮ ತಾಯಿಯನ್ನು ಒಂದು ಕಡೆ ಕೂರಿಸಿಕೊಂಡು, ನಾಲ್ಕು ತಿಂಗಳು ಸಂಬಳ ಬರದಿದ್ದರೆ ನಡೆಯುತ್ತದೆಯೇ ಎಂದು ಕೇಳಿ. ಅವರ ಬಳಿ ಇರುವ ಲೆಕ್ಕ ನಿಮ್ಮ ಬಳಿ ಇರುವುದಿಲ್ಲ.

ಕೊನೆಯದಾಗಿ, ಇದನ್ನು ಇವತ್ತೇ ಮಾಡಿ: ಕಂಪನಿಯ ಅಥವಾ ಏಜೆನ್ಸಿಯ ಗುಂಪು ಆರೋಗ್ಯ ವಿಮೆಯಲ್ಲಿ ತಂದೆಯ ಹೆಸರಿದೆಯೇ ಎಂದು ಪರಿಶೀಲಿಸಿ. ಗುಂಪು ವಿಮೆ ಸಾಮಾನ್ಯವಾಗಿ ನಿಮ್ಮ ಕೆಲಸದ ಕೊನೆಯ ದಿನಕ್ಕೇ ಮುಗಿಯುತ್ತದೆ. ಹೆಸರಿದ್ದರೆ, ತಂದೆ ಆಸ್ಪತ್ರೆಯಿಂದ ಬಿಡುಗಡೆಯಾಗಿ ಬಿಲ್ಲುಗಳ ಕ್ಲೇಮು ಸಲ್ಲಿಕೆಯಾಗುವವರೆಗೆ ನಿಮ್ಮ ಕೊನೆಯ ದಿನ ಬರದಂತೆ ನೋಟಿಸಿನ ದಿನಾಂಕವನ್ನು ಹೊಂದಿಸಿಕೊಳ್ಳಿ. ಮತ್ತೆ ದಾಖಲು ಮಾಡಬೇಕಾಗಬಹುದು ಎಂದು ವೈದ್ಯರು ಹೇಳಿದರೆ ಇನ್ನೂ ಹದಿನೈದು ದಿನ ಮುಂದಕ್ಕೆ ಹಾಕಿ.