ಮೊದಲ ಚಿತ್ರಕಥೆ: ಕಳಿಸೋ ಮುಂಚೆ ಏನು ಮಾಡಬೇಕು?

ಪ್ರಶ್ನೆ: ಮೊದಲ ಚಿತ್ರಕಥೆ ಬರೆದು ಮುಗಿಸಿದ್ದೇನೆ. ನಿರ್ಮಾಣ ಸಂಸ್ಥೆಗಳಿಗೆ ತೋರಿಸಿದರೆ ಕದ್ದುಬಿಡ್ತಾರೇನೋ ಅಂತ ಭಯ. ನನ್ನ ವಿಳಾಸಕ್ಕೇ ಪೋಸ್ಟ್ ಮಾಡಿ, ಕವರ್ ಒಡೆಯದೆ ಇಟ್ಟುಕೊಂಡರೆ ಸಾಕಾ?

ಉತ್ತರ: ಆ ಕವರ್ ನಂಬಿಕೊಂಡು ಕೂರಬೇಡಿ. ಬರೆದಾಗಲೇ ಕಾಪಿರೈಟ್ ನಿಮ್ಮದಾಗಿದೆ, ಆದರೆ ನಾಳೆ ಜಗಳ ಬಂದರೆ ಗಟ್ಟಿ ದಾಖಲೆ ಬೇಕಲ್ವಾ? ಮುಂಬೈನ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ ಸದಸ್ಯರಾದರೆ ಆನ್‌ಲೈನಲ್ಲೇ ಸ್ಕ್ರಿಪ್ಟ್ ನೋಂದಾಯಿಸಬಹುದು. ದೆಹಲಿಯ ಕಾಪಿರೈಟ್ ಕಚೇರಿಯಲ್ಲೂ ಮಾಡಿಸಬಹುದು, ಶುಲ್ಕ 500 ರೂಪಾಯಿ, ಯಾರಾದರೂ ತಕರಾರು ಎತ್ತುತ್ತಾರಾ ಅಂತ ಮೊದಲು 30 ದಿನ ಕಾಯ್ತಾರೆ. ಫಿಲಂ ಚೇಂಬರ್‌ನಲ್ಲಿ ಟೈಟಲ್ ನೋಂದಾಯಿಸಿದರೆ ಹೆಸರಿಗಷ್ಟೇ ಆಯ್ತು, ಕಥೆಗಲ್ಲ.

ಇನ್ನೊಂದು ಮಾತು. ಬರೀ ಐಡಿಯಾಗೆ ಕಾಪಿರೈಟ್ ಇಲ್ಲ, 1978ರಲ್ಲೇ ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಅದಕ್ಕೇ ಗಾಂಧಿನಗರದ ಟೀ ಅಂಗಡಿಯಲ್ಲಿ ಸಿಕ್ಕಸಿಕ್ಕವರಿಗೆ ಒನ್ ಲೈನ್, ಅಂದರೆ ಕಥೆಯ ತಿರುಳು, ಹೇಳಬೇಡಿ. ಮೊದಲು ಎರಡು ಪುಟದ ಸಾರಾಂಶ ಕಳಿಸಿ, ಕೇಳಿದರೆ ಮಾತ್ರ ಪೂರ್ತಿ ಸ್ಕ್ರಿಪ್ಟ್ ಕೊಡಿ. ಬಾಯಲ್ಲಿ ಕಥೆ ಹೇಳಿ ಬಂದರೆ ಅವತ್ತೇ ಸಂಜೆ ಒಂದು ಮೇಲ್ ಹಾಕಿ: "ಇವತ್ತು ನಿಮ್ಮ ಆಫೀಸಿನಲ್ಲಿ ಈ ಕಥೆ ಹೇಳಿದೆ, ಸಾರಾಂಶ ಲಗತ್ತಿಸಿದ್ದೇನೆ" ಅಂತ. ಇದು ತುಂಬಾ ಮುಖ್ಯ, ದಯವಿಟ್ಟು ಸಂಕೋಚ ಪಡಬೇಡಿ.

ಒಪ್ಪಿದರೆ ಬಾಯಿಮಾತಲ್ಲಿ ಬಿಡಬೇಡಿ. ಹಕ್ಕು ಕೊಡುವುದು ಬರಹದಲ್ಲೇ ಇರಬೇಕು, ನಿಮ್ಮ ಸಹಿಯೂ ಬೇಕು. ಅವಧಿ ಬರೆಸಿಕೊಳ್ಳಿ, ಬರೆಯದಿದ್ದರೆ ಕಾನೂನು ಅದನ್ನು 5 ವರ್ಷ ಅಂತ ತಿಳಿಯುತ್ತದೆ. ಟೈಟಲ್ ಕಾರ್ಡಿನಲ್ಲಿ ಹೆಸರು, ಮುಂಗಡ, ರೀಮೇಕ್ ಹಕ್ಕು ಎಲ್ಲ ಅದರಲ್ಲೇ ಇರಲಿ. ಕಥೆ ಓದೋಕೆ ನಿಮ್ಮಿಂದಲೇ ದುಡ್ಡು ಕೇಳುವವರಿಗೆ ಸ್ಕ್ರಿಪ್ಟ್ ಕೊಡಲೇಬೇಡಿ.